ಕೋಡಂಗಿಗೂ ಒಂದು ರಂಗ ಉಂಟು

ಕಳೆದ ವರ್ಷದ ಒಂದು ಫೆಸ್ಟ್. ಯಾವ ಕಾಲೇಜು ಅಂತ ಕೇಳಬೇಡಿ, ನಮ್ಮ ಪುತ್ತೂರು-ಸುಳ್ಯದ ಕಡೆ ಎಲ್ಲಿ ಹೋದರೂ ಕತೆ ಹೆಚ್ಚುಕಮ್ಮಿ ಇದೇ. ಮಧ್ಯಾಹ್ನ ಊಟ ಆಗಿ ಅರ್ಧ ಜನ ಕ್ಯಾಂಟೀನಲ್ಲಿ, ಇನ್ನರ್ಧ ಜನ ನೆರಳು ಹುಡುಕಿಕೊಂಡು ಹೋಗಿದ್ದ ಹೊತ್ತು. ಕಡಬ ಕಡೆಯ ನನ್ನ ಕ್ಲಾಸ್‌ಮೇಟ್ ಒಬ್ಬ ಸ್ಟೇಜ್ ಹತ್ತಿದ. ತಾನೇ ಬರೆದ ತುಳು ರ‍್ಯಾಪ್. ಅಡಿಕೆಗೆ ಬಂದ ಎಲೆಚುಕ್ಕಿ ರೋಗ, ಸಿಗದ ಬಸ್ಸು, ಜಗಲಿಯಲ್ಲಿ ಕೂತು ಫೀಸಿನ ಲೆಕ್ಕ ಹಾಕುವ ಅಪ್ಪ, ಎಲ್ಲ ಅದರಲ್ಲಿತ್ತು. ಅರ್ಧ ಹಾಡು ಮುಗಿದಿರಬೇಕು, ಅತಿಥಿಗಳ ಕಾರು ಗೇಟಿಗೆ ಬಂತು. ಮೈಕ್ ಆಫ್. "ಸಾಕು ಮಾರಾಯ, ಇಳಿ" ಅಂದರು. ಇಳಿದ. ರಾತ್ರಿ ಹೊರಗಿಂದ ಕರೆಸಿದ ಡಿಜೆಗೆ ನಾವೆಲ್ಲ ಎರಡು ಗಂಟೆ ಕುಣಿದೆವು. ನಾನೂ ಕುಣಿದೆ. ಅವನು ಅಲ್ಲಿಂದ ಮತ್ತೆ ಸ್ಟೇಜ್ ಹತ್ತಿಲ್ಲ.

ಹಾಗಂತ ನಮಗೆ ರ‍್ಯಾಪ್ ಆಗುವುದಿಲ್ಲ ಅಂತ ಅಲ್ಲ. 2024ರ ಜುಲೈಯಲ್ಲಿ ಹನುಮಾನ್‌ಕೈಂಡ್‌ನ 'ಬಿಗ್ ಡಾಗ್ಸ್' ಬಂದಾಗ ಹಾಸ್ಟೆಲಿನಲ್ಲಿ ಅದು ಓಡದ ಫೋನ್ ಇರಲಿಲ್ಲ. ಜಾತ್ರೆಯಲ್ಲಿ ನೋಡುವ ಮರಣ ಬಾವಿಯ ಒಳಗೆ ನಿಂತು ಹಾಡಿದ ಹಾಡು ಅಮೆರಿಕದ ಬಿಲ್‌ಬೋರ್ಡ್ ಹಾಟ್ 100 ಪಟ್ಟಿಯಲ್ಲಿ 23ನೇ ಸ್ಥಾನದವರೆಗೆ ಹೋಯಿತು. ಸೆಪ್ಟೆಂಬರಿನಲ್ಲಿ ನ್ಯೂಯಾರ್ಕಿನಲ್ಲಿ ಪ್ರಧಾನಿ ಅವರನ್ನು ಅಪ್ಪಿಕೊಂಡ ವಿಡಿಯೋ ನಮ್ಮ ಮನೆಯವರ ವಾಟ್ಸಾಪ್ ಗ್ರೂಪಿಗೂ ಬಂತು. ಮರುವರ್ಷ ಚೆಂಡೆಯವರನ್ನು ಕಟ್ಟಿಕೊಂಡು ಕೋಚೆಲ್ಲಾ ವೇದಿಕೆಗೇ ಹೋದರು.

ಆದರೆ ಅದರ ಹಿಂದಿನ ಲೆಕ್ಕ ಯಾರು ನೋಡಿದ್ದಾರೆ? ಸೂರಜ್ ಚೆರುಕಾಟ್ ಎಂಬ ಈ ಮಲಪ್ಪುರಂ ಮೂಲದ ಹುಡುಗ ಬೆಳೆದದ್ದು ಹ್ಯೂಸ್ಟನ್‌ನಲ್ಲಿ, ಡಿಗ್ರಿ ಮಾಡಿದ್ದು ಕೊಯಮತ್ತೂರಿನಲ್ಲಿ, ಕೆಲಸಕ್ಕೆ ಸೇರಿದ್ದು ನಮ್ಮ ಬೆಂಗಳೂರಿನ ಗೋಲ್ಡ್‌ಮನ್ ಸ್ಯಾಕ್ಸ್‌ನಲ್ಲಿ. ನಾವು ಪ್ಲೇಸ್‌ಮೆಂಟ್ ಸೀಸನ್ನಿನಲ್ಲಿ ಕನಸು ಕಾಣುವಂಥ ಕಂಪನಿ. ಅದನ್ನು ಬಿಟ್ಟು ಹಾಡಿಗೆ ಇಳಿದರು. 'ಕಳರಿ' ಎಂಬ ಅವರ ಮೊದಲ ಸಣ್ಣ ಆಲ್ಬಂ ಬಂದದ್ದು 2019ರಲ್ಲಿ. ಅಂದರೆ ನಮಗೆ ಅವರ ಹೆಸರು ಗೊತ್ತಾಗಲಿಕ್ಕೆ ಐದು ವರ್ಷ ಬೇಕಾಯಿತು. ಒಂದು ಇಂಜಿನಿಯರಿಂಗ್ ಕೋರ್ಸ್ ಮುಗಿದು ಮೇಲೆ ಒಂದು ವರ್ಷ ಉಳಿಯುತ್ತದೆ. ಆ ಐದು ವರ್ಷ ಎದುರಿಗೆ ಕೂತು ಕೇಳಿದ ಸಣ್ಣ ಗುಂಪು ಒಂದು ಇತ್ತಲ್ಲ, ಅದು ಇಲ್ಲದೆ 'ಬಿಗ್ ಡಾಗ್ಸ್' ಇಲ್ಲ.

ಆ ಸಣ್ಣ ಗುಂಪಿಗೆ ನಮ್ಮ ಊರಿನಲ್ಲಿ ಬಹಳ ಹಳೆಯ ಹೆಸರು ಉಂಟು: ಪೂರ್ವರಂಗ. ಯಕ್ಷಗಾನ ಮೇಳದಲ್ಲಿ ಪ್ರಸಂಗ ಶುರುವಾಗುವ ಮೊದಲು ಕೋಡಂಗಿ, ಬಾಲಗೋಪಾಲ ವೇಷಗಳು ಬರುತ್ತವೆ. ಕುಣಿಯುವವರು ಆಗಷ್ಟೇ ಗೆಜ್ಜೆ ಕಟ್ಟಿದ ಹುಡುಗರು. ಎದುರಿಗೆ ಜನ ಇನ್ನೂ ಬರುತ್ತಾ ಇರುತ್ತಾರೆ, ಕೆಲವರು ಚರುಮುರಿ ಅಂಗಡಿ ಹತ್ತಿರ. ಆದರೂ ಭಾಗವತಿಕೆ ಅದೇ, ಚೆಂಡೆ ಅದೇ, ದೀಪ ಅದೇ. ತಾಳ ತಪ್ಪಿದರೆ ತಪ್ಪಲಿ, ನಾಳೆ ಇನ್ನೊಂದು ಊರಿನಲ್ಲಿ ಮತ್ತೆ ಕುಣಿಯಲಿಕ್ಕೆ ಉಂಟು. ಮುಂದೆ ದೊಡ್ಡ ವೇಷ ಕಟ್ಟಿದ ಎಷ್ಟೋ ಕಲಾವಿದರು ಬಂದದ್ದು ಈ ಮೆಟ್ಟಿಲು ಹತ್ತಿಯೇ. ಕಾಲಮಿತಿ ಆಟಗಳು ಬಂದ ಮೇಲೆ ಪೂರ್ವರಂಗ ಸಣ್ಣದಾಗಿದೆ, ಅದು ಬೇರೆ ಬೇಸರ. ನಮ್ಮ ಫೆಸ್ಟುಗಳಲ್ಲಂತೂ ಅದು ಇಲ್ಲವೇ ಇಲ್ಲ. ಇಲ್ಲಿ ಒಂದೋ ಸ್ಟಾರ್ ನೈಟ್, ಇಲ್ಲದಿದ್ದರೆ ಊಟದ ನಂತರದ ಐದು ನಿಮಿಷ.

"ಎಲ್ಲರೂ ಚೆನ್ನಾಗಿ ಹಾಡ್ತಾರಾ? ಕೇಳ್ಲಿಕ್ಕೆ ಆಗೂದಿಲ್ಲ ಮಾರಾಯ" ಅಂತ ನೀವು ಹೇಳಬಹುದು. ಸರಿ, ನನ್ನ ಗೆಳೆಯನ ಹಾಡಿನಲ್ಲೂ ಎರಡು ಕಡೆ ಬೀಟ್ ತಪ್ಪಿತ್ತು. ಎಮಿನೆಮ್‌ನ ಮೊದಲ ಆಲ್ಬಂ 'ಇನ್ಫಿನಿಟ್' 1996ರಲ್ಲಿ ಬಂದಾಗ ಡೆಟ್ರಾಯಿಟಿನಲ್ಲೇ ಅದನ್ನು ಯಾರೂ ಹೆಚ್ಚು ಕೇಳಲಿಲ್ಲ. ಬೇರೆಯವರ ಶೈಲಿ ಕಾಪಿ ಹೊಡೆದ ಹಾಗೆ ಉಂಟು ಅಂದರು. ತನ್ನದೇ ದನಿ ಸಿಕ್ಕಿ, 'ದಿ ಸ್ಲಿಮ್ ಶೇಡಿ ಎಲ್‌ಪಿ' ಬರುವಾಗ 1999 ಆಯಿತು. ಮೊದಲು ಕೆಟ್ಟದಾಗಿ ಹಾಡಲಿಕ್ಕೂ ಒಂದು ಜಾಗ ಬೇಕು. ಲ್ಯಾಬಿನಲ್ಲಿ ಮೊದಲ ದಿನವೇ ಯಾರ ಸರ್ಕ್ಯೂಟ್ ಸರಿ ಬಂದಿದೆ ಹೇಳಿ?

ಇನ್ನೊಂದು ಹೆಸರು ಹೇಳದೆ ಈ ಮಾತು ಪೂರ್ತಿ ಆಗುವುದಿಲ್ಲ: ಅರಿವು. ತಮಿಳುನಾಡಿನ ಅರಕ್ಕೋಣಂನವರು, ನಮ್ಮ ಹಾಗೆ ಇಂಜಿನಿಯರಿಂಗ್ ಓದಿದವರು. ಇವರ ಪೂರ್ವರಂಗ, ನಿರ್ದೇಶಕ ಪಾ. ರಂಜಿತ್ ಕಟ್ಟಿದ 'ಕಾಸ್ಟ್‌ಲೆಸ್ ಕಲೆಕ್ಟಿವ್' ತಂಡ. ಜಾತಿಯ ಬಗ್ಗೆ ನೇರವಾಗಿ ಹಾಡುತ್ತಿದ್ದ ಹುಡುಗನಿಗೆ ಬೇರೆ ಯಾರು ಮೈಕ್ ಕೊಡುತ್ತಿದ್ದರೋ ಗೊತ್ತಿಲ್ಲ. 2021ರ ಮಾರ್ಚಿನಲ್ಲಿ ಬಂದ 'ಎಂಜಾಯ್ ಎಂಜಾಮಿ' ನೀವೆಲ್ಲ ಕೇಳಿದ್ದೀರಿ, ರೀಲ್ಸ್ ಕೂಡ ಮಾಡಿದ್ದೀರಿ. ಅದರ ಹಿಂದೆ ಇರುವುದು ಅರಿವು ಅವರ ಅಜ್ಜಿ ವಳ್ಳಿಯಮ್ಮಾಳ್ ಬದುಕು. ಶ್ರೀಲಂಕಾದ ಟೀ ತೋಟದಲ್ಲಿ ದುಡಿದು, ಕೈಯಲ್ಲಿ ತುಂಡು ಭೂಮಿಯೂ ಇಲ್ಲದೆ ವಾಪಸ್ ಬಂದ ಹೆಂಗಸು.

ಈ ಕತೆ ದೂರದ್ದಾ? ಸುಳ್ಯ, ಪುತ್ತೂರು, ಕಡಬದ ರಬ್ಬರ್ ತೋಟಗಳನ್ನು ನೆನಪು ಮಾಡಿಕೊಳ್ಳಿ. 1964ರ ಸಿರಿಮಾವೋ-ಶಾಸ್ತ್ರಿ ಒಪ್ಪಂದದ ನಂತರ ಶ್ರೀಲಂಕಾದಿಂದ ಬಂದ ತಮಿಳು ಕುಟುಂಬಗಳಿಗೆ ಪುನರ್ವಸತಿ ಸಿಕ್ಕಿದ್ದು ಅಲ್ಲೇ. ಅರಣ್ಯ ಅಭಿವೃದ್ಧಿ ನಿಗಮದ ತೋಟಗಳಲ್ಲಿ ಬೆಳಗಾಗುವ ಮೊದಲೇ ಟ್ಯಾಪಿಂಗಿಗೆ ಹೋದ ಅಜ್ಜಿಯರ ಮೊಮ್ಮಕ್ಕಳು ನಮ್ಮ ಜೊತೆ ಬಸ್ಸಿನಲ್ಲಿ ಬರುತ್ತಾರೆ. ಮನೆಯಲ್ಲಿ ತಮಿಳು, ಬಸ್ಸಿನಲ್ಲಿ ತುಳು, ಕ್ಲಾಸಿನಲ್ಲಿ ಕನ್ನಡ, ವೈವಾದಲ್ಲಿ ಇಂಗ್ಲಿಷ್. 'ಎಂಜಾಯ್ ಎಂಜಾಮಿ'ಗೆ ಕುಣಿದ ನಾವು ಅವರ ಹತ್ತಿರ ಅವರ ಅಜ್ಜಿಯ ಕತೆ ಒಂದು ದಿನವಾದರೂ ಕೇಳಿದ್ದೇವಾ? ನಾನು ಕೇಳಿಲ್ಲ.

ಹಾಡು ಹಿಟ್ ಆದ ಮೇಲೂ ಅರಿವು ಅವರ ಕಷ್ಟ ಮುಗಿಯಲಿಲ್ಲ. 2021ರ ಆಗಸ್ಟಿನಲ್ಲಿ ರೋಲಿಂಗ್ ಸ್ಟೋನ್ ಇಂಡಿಯಾ ಪತ್ರಿಕೆಯ ಮುಖಪುಟದಲ್ಲಿ ಗಾಯಕಿ ಧೀ ಮತ್ತು ಶಾನ್ ವಿನ್ಸೆಂಟ್ ಡಿ ಪಾಲ್ ಇದ್ದರು, ಹಾಡು ಬರೆದು ಹಾಡಿದ ಅರಿವು ಇರಲಿಲ್ಲ. ಪಾ. ರಂಜಿತ್ ಬಹಿರಂಗವಾಗಿ ಪ್ರಶ್ನೆ ಮಾಡಿದರು, ಗಲಾಟೆ ಆಯಿತು, ಆಮೇಲೆ ಅರಿವು ಅವರಿದ್ದ ಡಿಜಿಟಲ್ ಮುಖಪುಟ ಬಂತು. ಕೇಳಬೇಕಾಗಿ ಬಂದದ್ದೇ ಬೇಸರ. ಹೆಸರು ಬಿಟ್ಟುಹೋಗುವುದು ದೊಡ್ಡ ಪತ್ರಿಕೆಗಳಲ್ಲಿ ಮಾತ್ರ ಅಂದುಕೊಳ್ಳಬೇಡಿ. ನಮ್ಮ ಫೆಸ್ಟ್ ಪೋಸ್ಟರ್ ತೆಗೆದು ನೋಡಿ: ಡಿಜೆಯ ಹೆಸರು ಅಂಗೈಯಷ್ಟು ದೊಡ್ಡದು, ಕೆಳಗೆ ಒಂದು ಸಾಲು, "ಹಾಗೂ ವಿದ್ಯಾರ್ಥಿಗಳಿಂದ ಸಾಂಸ್ಕೃತಿಕ ಕಾರ್ಯಕ್ರಮ". ಆ ವಿದ್ಯಾರ್ಥಿಗಳಿಗೆ ಹೆಸರು ಇಲ್ವಾ?

ಸ್ಟಾರ್ ನೈಟ್ ಬೇಡ ಅಂತ ನಾನು ಹೇಳುವುದಿಲ್ಲ. ಸ್ಪಾನ್ಸರ್ ಬರುವುದು ಅದಕ್ಕೇ, ನಮಗೂ ಕುಣಿಯಲಿಕ್ಕೆ ಬೇಕು. ಮುಂದಿನ ಫೆಸ್ಟ್ ಕಮಿಟಿಯ ಹತ್ತಿರ ಕೇಳುವುದು ಮೂರೇ. ಸ್ಟಾರ್ ಬರುವ ಮೊದಲಿನ ಒಂದು ಗಂಟೆ, ಅದೇ ಸ್ಟೇಜ್, ಅದೇ ಸೌಂಡ್, ಅದೇ ಲೈಟ್ ನಮ್ಮವರಿಗೆ ಕೊಡಿ. ತುಳು, ಅರೆಭಾಷೆ, ಬ್ಯಾರಿ, ಕನ್ನಡ, ತಮಿಳು, ಯಾವುದರಲ್ಲಿ ಬೇಕಾದರೂ ಹಾಡಲಿ. ಪೋಸ್ಟರಿನಲ್ಲಿ ಒಬ್ಬೊಬ್ಬರ ಹೆಸರನ್ನೂ ಹಾಕಿ. ಶುರು ಮಾಡಿದ ಹಾಡನ್ನು ಮುಗಿಸಲಿಕ್ಕೆ ಬಿಡಿ, ಯಾರ ಕಾರು ಬಂದರೂ ಸರಿ.

ಕಮಿಟಿ ಮಾತ್ರ ಅಲ್ಲ, ನಮ್ಮ ಕೆಲಸವೂ ಒಂದು ಉಂಟು. ಆ ಒಂದು ಗಂಟೆ ಕ್ಯಾಂಟೀನ್ ಬಿಟ್ಟು ಬಂದು ಎದುರಿಗೆ ಕೂರುವುದು.

ಇದನ್ನು ಬರೆಯುವ ಮೊದಲು ಕಡಬದ ಗೆಳೆಯನ ಹತ್ತಿರ ಆ ಹಾಡಿನ ಉಳಿದರ್ಧ ಕೇಳಿದೆ. "ಮರೆತು ಹೋಗಿದೆ" ಅಂದ. ಸುಳ್ಳು ಅಂತ ನನಗೆ ಗೊತ್ತಾಯಿತು. ಮುಂದಿನ ಫೆಸ್ಟಿಗೆ ಅವನ ಹೆಸರು ನಾನೇ ಕೊಡುತ್ತೇನೆ. ನೀವು ಬಂದು ಕೂತುಕೊಳ್ಳಿ, ಅಷ್ಟೇ.