ಮೊದಲ ಗಲೀಫ್ ಯಾರದು?

ಅಥಣಿ, ಕಾಗವಾಡದ ಕಡೆಯವರು ಮಿರಜಕ್ಕೆ ಹೋಗುವುದು ಪುಣ್ಯಕ್ಕಲ್ಲ, ದವಾಖಾನೆಗೆ. ವಿಲಿಯಂ ವಾನ್ಲೆಸ್ ಎಂಬ ಮಿಶನ್ ಡಾಕ್ಟರು 1894ರಲ್ಲಿ ಅಲ್ಲಿ ಆಸ್ಪತ್ರೆ ತೆರೆದ ಮೇಲೆ, ಗಡಿಯ ಈಚೆಯ ಹಳ್ಳಿಗಳಲ್ಲಿ ದೊಡ್ಡ ಬ್ಯಾನಿ ಬಂತೆಂದರೆ ಮೊದಲು ಬಾಯಿಗೆ ಬರುವ ಊರು ಅದೇ ಆಯಿತು. ಕಾಗವಾಡ ಬಿಟ್ಟರೆ ಮ್ಹೈಸಾಳ, ಮ್ಹೈಸಾಳ ಬಿಟ್ಟರೆ ಮಿರಜ. ಹೋದವರು ಡಾಕ್ಟರಿಗೆ ತೋರಿಸಿ, ರಿಪೋರ್ಟು ಕೈಗೆ ಬರುವುದರೊಳಗೆ ಮೀರಾಸಾಹೇಬರ ದರ್ಗಾಕ್ಕೆ ಹೋಗಿ ಬರುತ್ತಾರೆ. ಹೊತ್ತು ಉಳಿದರೆ ಅಂಬಾಬಾಯಿಯ ಗುಡಿ. ಕ್ರೈಸ್ತರ ಆಸ್ಪತ್ರೆ, ಮುಸ್ಲಿಮರ ದರ್ಗಾ, ಹಿಂದೂಗಳ ದೇವಿ ಎಂದು ಲೆಕ್ಕ ಹಾಕುವುದು ನಮ್ಮಂಥ ಬರೆಯುವವರ ಚಟ. ಹೋದವರ ತಲೆಯಲ್ಲಿರುವುದು ಮಗುವಿನ ಜ್ವರ, ಗಂಡನ ಕಿಡ್ನಿ.

ಒಮ್ಮೆ ದರ್ಗಾದ ಹೊಸ್ತಿಲ ಬಳಿ ಇಳಕಲ್ಲ ಸೀರೆಯ ಅಜ್ಜಿಯೊಬ್ಬರನ್ನು ಕಂಡೆ. ಹಣೆ ತುಂಬ ವಿಭೂತಿ, ಕೈಯಲ್ಲಿ ಸಕ್ಕರೆಯ ಪುಡಿಕೆ, ಕಂಕುಳಲ್ಲಿ ಎಕ್ಸ್‌ರೇ ಕವರು. ಮುಜಾವರರು ಸಕ್ಕರೆ ಓದಿಸಿ ಕೊಟ್ಟು, ನವಿಲುಗರಿಯ ಕಟ್ಟನ್ನು ಆಕೆಯ ತಲೆಯ ಮೇಲೆ ಆಡಿಸಿದರು. ಅಜ್ಜಿ ಕವರನ್ನು ಮುಂದೆ ಹಿಡಿದಳು: “ಇದರ ಮ್ಯಾಲೂ ಒಂದೀಟು ಆಡಸ್ರಿ ಸಾಹೇಬ್ರ, ಬ್ಯಾನಿ ಇದರಾಗ ಐತ್ರಿ.” ಅವರು ನಗಲಿಲ್ಲ. “ಆತ್ ತಗೋ ಯವ್ವಾ” ಎಂದು ಎಕ್ಸ್‌ರೇಗೂ ಆಡಿಸಿದರು.

ಇಂಥದ್ದನ್ನು ಕಂಡ ಕೂಡಲೇ ಭಾವೈಕ್ಯದ ಭಾಷಣ ಶುರುವಾಗುತ್ತದೆ. ನನಗೆ ಅದರಲ್ಲಿ ಅಷ್ಟು ನಂಬಿಕೆಯಿಲ್ಲ. ಕಷ್ಟ ಬಂದವರು ಎಲ್ಲ ಬಾಗಿಲೂ ತಟ್ಟುತ್ತಾರೆ. ಕಷ್ಟ ತೀರಿದ ಮೇಲೆ ತಮ್ಮ ತಮ್ಮ ಓಣಿಗೆ ಮರಳುತ್ತಾರೆ. ಇದೇ ಮಿರಜದಲ್ಲಿ 2009ರ ಗಣೇಶೋತ್ಸವದ ಹೊತ್ತಿಗೆ, ಅಫಜಲಖಾನನ ವಧೆಯ ಚಿತ್ರವಿದ್ದ ಒಂದು ಕಮಾನಿನ ಜಗಳ ಗಲಭೆಯಾಗಿ, ಊರಿಗೆ ಕರ್ಫ್ಯೂ ಬಿತ್ತು. ಬೆಂಕಿ ಸಾಂಗ್ಲಿ, ಇಚಲಕರಂಜಿಗೂ ಹಬ್ಬಿತು. ಆ ವರ್ಷವೂ ದರ್ಗಾಕ್ಕೆ ಸಕ್ಕರೆ ಒಯ್ದವರಿದ್ದರು. ಸಕ್ಕರೆಯ ಪುಡಿಕೆಗೆ ಗಲಭೆ ತಡೆಯುವ ಶಕ್ತಿ ಇದ್ದಿದ್ದರೆ ಅಂದೇ ತಡೆಯಬೇಕಿತ್ತು.

ಹಾಗಾದರೆ ಗಟ್ಟಿಯಾಗಿ ನಿಂತಿರುವುದು ಯಾವುದು? ನನ್ನ ಉತ್ತರ: ಮಾನ. ಮೀರಾಸಾಹೇಬರ ಉರುಸಿನಲ್ಲಿ ಗದ್ದುಗೆಗೆ ಹೊದಿಸುವ ಮೊದಲ ಗಲೀಫಿನ ಮಾನ ಚರ್ಮಕಾರ ಸಮಾಜದ್ದು. ಅದು ಯಾರೋ ದೊಡ್ಡ ಮನಸ್ಸು ಮಾಡಿ ಕರೆದು ಕೊಟ್ಟ ಅವಕಾಶವಲ್ಲ, ವಂಶಪಾರಂಪರ್ಯದ ಹಕ್ಕು. ಅವರು ಬಾರದೆ ಉರುಸಿಗೆ ಕಳೆ ಇಲ್ಲ. ಅಥಣಿಯವನಾಗಿ ನನಗೆ ಈ ಸಂಗತಿ ಹೆಚ್ಚು ತಟ್ಟುತ್ತದೆ. ಕೊಲ್ಹಾಪುರಿ ಎಂಬ ಹೆಸರಿನಲ್ಲಿ ಲೋಕವೆಲ್ಲ ಮೆಟ್ಟುವ ಚಪ್ಪಲಿಯಲ್ಲಿ ಎಷ್ಟೋ ಜೋಡಿ ನಮ್ಮ ಅಥಣಿಯಲ್ಲಿ ಹೊಲಿದವು. 2019ರಲ್ಲಿ ಸಿಕ್ಕ ಭೌಗೋಳಿಕ ಗುರುತಿನಲ್ಲಿ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ಬೆಳಗಾವಿ, ಬಾಗಲಕೋಟೆ, ವಿಜಯಪುರ, ಧಾರವಾಡವೂ ಇವೆ. (ಹೆಸರು ಮಾತ್ರ ಇನ್ನೂ ಅವರದೇ, ಇರಲಿ.) ಎಲ್ಲ ಪವಿತ್ರ ಜಾಗಗಳಲ್ಲಿ ಚಪ್ಪಲಿ ಹೊರಗೇ ಉಳಿಯುತ್ತದೆ, ಬಹಳ ಕಡೆ ಅದನ್ನು ಹೊಲಿದವರನ್ನೂ ಹೊರಗೇ ನಿಲ್ಲಿಸಿದ್ದರು. ಮಿರಜದಲ್ಲಿ ಅವರು ಎಲ್ಲರಿಗಿಂತ ಮೊದಲು ಒಳಗೆ ಹೋಗುತ್ತಾರೆ.

ನಿಪ್ಪಾಣಿಗೆ ಹೋದರೂ ಇಂಥದ್ದೇ ವ್ಯವಸ್ಥೆ. ಅಲ್ಲಿಯ ಪೀರ ದಸ್ತಗೀರ ಸಾಹೇಬರ ದರ್ಗಾವನ್ನು ಸ್ಥಾಪಿಸಿದವರು ಸಂತ ಬಾಬಾ ಮಹಾರಾಜ ಚವ್ಹಾಣರು. ಉರುಸಿನ ಮಾನ ಇಂದಿಗೂ ಚವ್ಹಾಣ ಮನೆತನದ್ದು. ದೂರದ ಬೀದರಿನ ಅಷ್ಟೂರಿನಲ್ಲಿ ಬಹಮನಿ ಸುಲ್ತಾನ ಅಹಮದ್ ಶಾಹ ವಲಿಯ ಉರುಸು ಹೋಳಿಯ ಆಸುಪಾಸಿಗೆ ಬರುತ್ತದೆ. ಕಲಬುರಗಿ ಜಿಲ್ಲೆಯ ಮಾಡಿಯಾಳದಿಂದ ಜಂಗಮರು ಭಕ್ತರೊಂದಿಗೆ ನಡೆದು ಬಂದ ಮೇಲೆಯೇ ಅದಕ್ಕೆ ಚಾಲನೆ. ಕೆಲವರಿಗೆ ಅವನು ವಲಿ, ಕೆಲವರಿಗೆ ಅಲ್ಲಮಪ್ರಭು. ಈ ಎರಡರಲ್ಲಿ ಯಾವುದು ಸರಿ ಎಂದು ಅಲ್ಲಿ ಯಾರೂ ತೀರ್ಪು ಕೇಳುವುದಿಲ್ಲ, ಯಾರು ಯಾವ ಕೆಲಸ ಮಾಡಬೇಕೆಂಬುದು ಮಾತ್ರ ಎಲ್ಲರಿಗೂ ಗೊತ್ತು.

ಹಾಡುವುದೂ ಒಂದು ಮಾನವೇ. ಕಿರಾನಾ ಘರಾನೆಯ ಅಬ್ದುಲ್ ಕರೀಂ ಖಾನರು ಕಾಯಿಲೆ ಬಿದ್ದಾಗ ಮೀರಾಸಾಹೇಬರ ಮುಂದೆ ಹಾಡಿ ಗುಣವಾದರೆಂದು ಮಿರಜದವರು ಹೇಳುತ್ತಾರೆ. 1937ರಲ್ಲಿ ಅವರು ತೀರಿಕೊಂಡದ್ದು ತಮಿಳುನಾಡಿನ ಒಂದು ಸಣ್ಣ ರೈಲು ನಿಲ್ದಾಣದಲ್ಲಿ. ಮಣ್ಣಾದದ್ದು ಇದೇ ದರ್ಗಾದ ಆವರಣದಲ್ಲಿ. ಅವರ ಶಿಷ್ಯರು ಕುಂದಗೋಳದ ಸವಾಯಿ ಗಂಧರ್ವರು, ಅವರ ಶಿಷ್ಯರು ಗದಗಿನ ಭೀಮಸೇನ ಜೋಶಿಯವರು. ಉರುಸಿನ ಸಂಗೀತಸಭೆಗೆ ಗಾಯಕರು ಬರುವುದು ಸೇವೆ ಎಂದು. ನವರಾತ್ರಿಯಲ್ಲಿ ಅಂಬಾಬಾಯಿಯ ಗುಡಿಯಲ್ಲೂ ಇಂಥದೇ ಸಭೆ ನಡೆಯುತ್ತದೆ. ಎರಡೂ ಕಡೆ ಶ್ರುತಿ ಹಿಡಿಯುವ ತಂಬೂರಿ, ವಾದ್ಯ ಮಾಡುವ ಮಿರಜದ ಶಿಕಲಗಾರರ ಓಣಿಯದೇ ಇದ್ದರೆ ಆಶ್ಚರ್ಯವಿಲ್ಲ.

ಸರ್ವಧರ್ಮದ ಊರುಗಳನ್ನು ನೋಡಲು ಹೋಗುವವರು ಈಗ ಹೆಚ್ಚಾಗಿದ್ದಾರೆ. ಒಂದು ಕ್ರೂಸರ್ ಗಾಡಿ, ಒಂದೇ ದಿನ, ಐದು ಜಾಗ, ಐವತ್ತು ಫೋಟೊ. ಪ್ರವಾಸಿ ಫಲಕಗಳೂ ಅವರಿಗೆ ತಕ್ಕಂತೆಯೇ: ಗುಮ್ಮಟ ಕಟ್ಟಿಸಿದ ದೊರೆ, ಶತಮಾನ, ಎತ್ತರ. ಗಲೀಫ್ ಯಾವ ಮನೆಯಿಂದ ಬರುತ್ತದೆ, ಮೊದಲ ಹಾಡು ಯಾರದು ಎಂಬ ಒಂದು ಸಾಲು ಅಲ್ಲಿರುವುದಿಲ್ಲ. ಅದನ್ನು ಬರೆದು ನಿಲ್ಲಿಸುವುದು ತುರ್ತು ಕೆಲಸ ಎನ್ನುತ್ತೇನೆ, ಏಕೆಂದರೆ ಮಾನದ ಮನೆಗಳ ಹುಡುಗರು ಪುಣೆಯ ಕಂಪನಿಗಳಲ್ಲಿದ್ದಾರೆ. ದೀಪಾವಳಿಗೆ ರಜೆ ಸಿಗುತ್ತದೆ, ಊರ ಉರುಸಿಗೆ ಸಿಗುವುದಿಲ್ಲ. ಒಂದೆರಡು ವರ್ಷ ಭಾವಕಿಯಲ್ಲಿ ಯಾರಾದರೂ ನಿಭಾಯಿಸಿಯಾರು. ಆಮೇಲೆ ಕಮಿಟಿಯವರು, “ಅವರ ಹಾದಿ ಎಷ್ಟಂತ ಕಾಯೂದ್ರಿ” ಎಂದು ತಾವೇ ಹೊದಿಸಿ ಮುಗಿಸುತ್ತಾರೆ.