ಪಾತ್ರಧಾರಿಗಳನ್ನು ಕರೆಯುವ ಭಿತ್ತಿಪತ್ರ

ಶಾಮನೂರು ಈಗ ದಾವಣಗೆರೆ ನಗರದೊಳಗೆ ಸೇರಿಹೋಗಿರುವುದು. ಇಂತಹ ವಿದ್ಯಾಕೇಂದ್ರದಲ್ಲಿ ವಿದ್ಯಾರ್ಥಿಗಳು ಕಿರುಚಿತ್ರಗಳನ್ನು ತೆಗೆಯಲು ಹೊರಡುವುದು ಸಂತೋಷದ ಸಂಗತಿಯೇ ಸರಿ. ಪುಣೆಯ ಚಲನಚಿತ್ರ ಸಂಸ್ಥೆಯಲ್ಲಿ ಕಲಿಯುತ್ತಿದ್ದಾಗ ಮೈಸೂರಿನ ಚಿದಾನಂದ ಎಸ್. ನಾಯ್ಕರು ತೆಗೆದ 16 ನಿಮಿಷಗಳ ಕನ್ನಡ ಚಿತ್ರಕ್ಕೆ 2024ರಲ್ಲಿ ಕಾನ್ ಉತ್ಸವದ ವಿದ್ಯಾರ್ಥಿಚಿತ್ರ ವಿಭಾಗದ ಪ್ರಥಮ ಬಹುಮಾನವು ದೊರೆಯಿತು. ಆದರೆ ಪಾತ್ರಧಾರಿಗಳನ್ನು ಕರೆಯುವುದಕ್ಕಾಗಿ ಗೋಡೆಗಳಿಗೆ ಅಂಟಿಸುವ ಪತ್ರಗಳ ರೀತಿಯು ಮೆಚ್ಚತಕ್ಕದ್ದಲ್ಲ.

ಇವುಗಳ ಸಾಮಾನ್ಯ ರೂಪವನ್ನು ವಾಚಕರು ಬಲ್ಲರು. ಮೇಲೆ ಚಿತ್ರದ ಹೆಸರು, ಅದೂ ರೋಮನ್ ಲಿಪಿಯಲ್ಲಿ. ನಡುವೆ ನಿರ್ದೇಶಕನ ಹೆಸರು ದಪ್ಪಕ್ಷರಗಳಲ್ಲಿ. ಕೆಳಗೆ ಸುಂದರ ಮುಖದವರು ಬೇಕೆಂಬ ಒಂದು ಪಂಕ್ತಿ, ಒಂದು ದೂರವಾಣಿ ಸಂಖ್ಯೆ. ಪಾತ್ರವು ಯಾವುದು, ವಯಸ್ಸೆಷ್ಟು, ಎಷ್ಟು ದಿನಗಳ ಕೆಲಸ, ಸಂಭಾವನೆಯುಂಟೋ ಇಲ್ಲವೋ ಎಂಬುದೊಂದೂ ಇಲ್ಲ. ಇದು ಆಮಂತ್ರಣವೋ, ಆತ್ಮಪ್ರಶಂಸೆಯೋ?

ಪಾತ್ರಗಳನ್ನು ಹಂಚುವಾಗ ನಟನ ನಡಿಗೆ, ಮಾತು, ಅಂಗಚೇಷ್ಟೆಗಳನ್ನು ಪರೀಕ್ಷಿಸಬೇಕೆಂದು ನಾಟ್ಯಶಾಸ್ತ್ರವು ವಿಧಿಸಿದೆ. 2015ರ 'ತಿಥಿ' ಚಿತ್ರದಲ್ಲಿ ನಟಿಸಿದವರು ಹಿಂದೆಂದೂ ಬಣ್ಣ ಹಚ್ಚದ ಮಂಡ್ಯ ಸೀಮೆಯ ಹಳ್ಳಿಗರು. ಆ ಚಿತ್ರವು ಲೊಕಾರ್ನೊ ಉತ್ಸವದಲ್ಲಿ ಪುರಸ್ಕೃತವಾಯಿತು. ಸುಂದರ ಮುಖವನ್ನು ಬೇಡುವ ಪತ್ರವನ್ನು ಕಂಡಿದ್ದರೆ ಗಡ್ಡಪ್ಪನ ಪಾತ್ರದ ಚನ್ನೇಗೌಡರು ಅತ್ತ ಸುಳಿಯುತ್ತಿದ್ದರೇ?

ವಿದ್ಯಾರ್ಥಿಗಳಲ್ಲಿ ಹಣವೆಲ್ಲಿ, ಪತ್ರದಲ್ಲಿ ಸ್ಥಳವೆಲ್ಲಿ ಎಂದು ಕೆಲವರು ಆಕ್ಷೇಪಿಸುವರು. ಹಣವಿಲ್ಲದಿರುವುದು ದೋಷವಲ್ಲ, ಇಲ್ಲವೆಂದು ಹೇಳದಿರುವುದೇ ದೋಷ. 'ಸಂಭಾವನೆಯಿಲ್ಲ, ಊಟ ಮತ್ತು ಬಸ್ಸಿನ ಖರ್ಚು ಕೊಡುತ್ತೇವೆ' ಎಂದು ಬರೆಯಲು ಒಂದು ಪಂಕ್ತಿ ಸಾಕು. ನಿರ್ದೇಶಕನ ಹೆಸರನ್ನು ಕಿರಿದುಗೊಳಿಸಿದರೆ ಸ್ಥಳವು ತಾನಾಗಿಯೇ ದೊರೆಯುವುದು!

ಹರಿಹರದಿಂದ ಮಗಳನ್ನು ಕಳುಹಿಸುವ ತಾಯ್ತಂದೆಗಳು ಬರಿಯ ಸಂಖ್ಯೆಯನ್ನು ನಂಬಿ ಕಳುಹಿಸಬೇಕೇ? ಕಾಲೇಜಿನ ಹೆಸರು, ಹೊಣೆಹೊತ್ತ ಅಧ್ಯಾಪಕರ ಹೆಸರು, ಅಭಿನಯವನ್ನು ಪರೀಕ್ಷಿಸುವ ಕೊಠಡಿ, ಹಗಲಿನ ವೇಳೆ, ಇವು ಕನ್ನಡದಲ್ಲಿ, ದೂರದಿಂದಲೂ ಓದಬರುವಂತೆ ಇರತಕ್ಕದ್ದು. ಬಾಲಪಾತ್ರವಿದ್ದರಂತೂ ಎಚ್ಚರಿಕೆಯು ಇಮ್ಮಡಿಯಾಗಬೇಕು. ಬಾಲನಟರನ್ನು ದಿನಕ್ಕೆ 5 ಗಂಟೆಗಳಿಗೆ ಮೀರಿ, ವಿಶ್ರಾಂತಿಯಿಲ್ಲದೆ 3 ಗಂಟೆಗಳಿಗೆ ಮೀರಿ ದುಡಿಸಬಾರದೆಂದೂ, ಜಿಲ್ಲಾ ದಂಡಾಧಿಕಾರಿಗಳ ಅನುಮತಿಯನ್ನು ಪಡೆಯಬೇಕೆಂದೂ 2017ರ ನಿಯಮಗಳು ಹೇಳುತ್ತವೆ. ಈ ಮಿತಿಗೆ ಬದ್ಧರೆಂಬ ಮಾತೂ ಪತ್ರದಲ್ಲಿರಲಿ.

ದಾವಣಗೆರೆಯು ಚಿಂದೋಡಿ ಲೀಲಾ ಅವರ ಊರು. ಕಂಪನಿ ನಾಟಕದ ಹಸ್ತಪತ್ರಿಕೆಯು ನಾಟಕ, ಸ್ಥಳ, ವೇಳೆ, ಟಿಕೇಟಿನ ದರ ಎಲ್ಲವನ್ನೂ ತಿಳಿಸುತ್ತಿತ್ತು. ನಾಲ್ಕು ಗಳಿಗೆ ಕುಳಿತು ನೋಡಿ ಹೋಗುವವನಿಗೆ ಇಷ್ಟು ಮರ್ಯಾದೆ ಸಲ್ಲುತ್ತಿದ್ದ ಊರಿನಲ್ಲಿ, ನಾಲ್ಕು ದಿನ ಬಿಸಿಲಿನಲ್ಲಿ ನಿಂತು ನಟಿಸುವವನಿಗೆ ಅಷ್ಟಾದರೂ ಸಲ್ಲಬೇಡವೇ?