ಹಳೆಯ ದಂಡಿನ ಬಂದೂಕೂ ಜಿಂಕೆಯ ಬೇಟೆಯೂ

ಹೊಸಪೇಟೆಯ ಕಡೆಯ ವಾಚಕರೊಬ್ಬರು ನಮಗೆ ಒಂದು ಪ್ರಶ್ನೆಯನ್ನು ಕಳುಹಿಸಿರುವರು. ಅವರ ಬಂಧುಗಳ ಮನೆಯ ಅಟ್ಟದಲ್ಲಿ ಹಿಂದಿನ ಕಾಲದ ದಂಡಿನ ರೈಫಲೊಂದು ಬಿದ್ದಿರುವುದಂತೆ. ಅದನ್ನು ಒರೆಸಿ ಸಂಡೂರಿನ ಕಾಡಿಗೆ ಕೊಂಡೊಯ್ದು ಜಿಂಕೆಯನ್ನು ಹೊಡೆಯಬೇಕೆಂಬ ಆಸೆ ಆ ಮನೆಯ ತರುಣರಲ್ಲಿ ಹುಟ್ಟಿರುವುದಂತೆ. ಅಂಥ ಬಂದೂಕು ಬೇಟೆಗೆ ತಕ್ಕುದೇ ಎಂದು ಅವರು ಕೇಳುತ್ತಾರೆ. ಕೂಡದೆಂದು ಒಂದೇ ಮಾತಿನಲ್ಲಿ ಉತ್ತರವನ್ನು ಮುಗಿಸಬಹುದಾಗಿತ್ತು. ಆದರೆ ಕಾರಣವನ್ನು ತಿಳಿಸದ ನಿಷೇಧವು ತರುಣರ ಮನಸ್ಸಿನಲ್ಲಿ ನಿಲ್ಲತಕ್ಕುದಲ್ಲ. ಆದುದರಿಂದ ಮೊದಲು ಬಂದೂಕಿನ ಗುಣವನ್ನೂ ಬಳಿಕ ನಮ್ಮ ನಾಡಿನ ಕಾಯಿದೆಯನ್ನೂ ವಿಚಾರ ಮಾಡೋಣ.

ಬ್ರಿಟಿಷರ ಕಾಲದ ದಂಡಿನ ಬಂದೂಕೆಂದರೆ ಬಹುಮಟ್ಟಿಗೆ ಲೀ-ಎನ್‌ಫೀಲ್ಡ್ ಜಾತಿಯದು. ಎರಡು ಮಹಾಯುದ್ಧಗಳಲ್ಲಿಯೂ ನಮ್ಮ ಸಿಪಾಯಿಗಳು ಹಿಡಿದುದು ಇದನ್ನೇ. ಬಂಗಾಳದ ಇಷಾಪುರದ ಕಾರ್ಖಾನೆಯಲ್ಲಿಯೂ ಇದು ತಯಾರಾಗುತ್ತಿತ್ತು. ಒಂದು ಅಂಗುಲವನ್ನು ಸಾವಿರ ಪಾಲು ಮಾಡಿದರೆ ಇದರ ನಳಿಗೆಯ ಬಾಯಿ 303 ಪಾಲು. 'ತ್ರೀ ನಾಟ್ ತ್ರೀ' ಎಂಬ ಹೆಸರು ಬಂದುದು ಇದರಿಂದಲೇ. 1910ರಲ್ಲಿ ಬಳಕೆಗೆ ಬಂದ ಏಳನೆಯ ಮಾದರಿಯ ಗುಂಡಿನ ತೂಕ 174 ಗ್ರೇನು, ಎಂದರೆ ಸುಮಾರು 11 ಗ್ರಾಂ. ವೇಗವು ಸೆಕೆಂಡಿಗೆ ಸುಮಾರು 2,440 ಅಡಿ. ಜಿಂಕೆಯನ್ನು ಕೆಡಹುವುದಕ್ಕೆ ಈ ಬಲವು ಸಾಲದೆಂದು ಯಾರೂ ಹೇಳಲಾರರು. ಬೇಟೆಗೆ ಅನುಮತಿಯಿರುವ ಕೆನಡಾ ದೇಶದಲ್ಲಿ ಯುದ್ಧಾನಂತರ ಅಗ್ಗವಾಗಿ ಮಾರಾಟವಾದ ಇಂಥ ಬಂದೂಕುಗಳಿಂದ ಎಷ್ಟೋ ಮಂದಿ ಜಿಂಕೆಯನ್ನು ಹೊಡೆದಿರುವುದುಂಟು.

ಆದರೆ ಅಲ್ಲಿಯ ಬಲ್ಲ ಬೇಟೆಗಾರರು ದಂಡಿನ ಬಂದೂಕಿನಲ್ಲಿ ದಂಡಿನ ಗುಂಡನ್ನು ಹಾಕುವುದಿಲ್ಲ. ದಂಡಿನ ಗುಂಡಿನ ಸೀಸಕ್ಕೆ ತುದಿಯವರೆಗೂ ಗಟ್ಟಿಲೋಹದ ಹೊದಿಕೆಯುಂಟು. ಅದು ಮೃಗದ ಮೈಯಲ್ಲಿ ಅರಳದೆ ತೂರಿಹೋಗುವ ಸಂಭವವೇ ಹೆಚ್ಚು. ಮರ್ಮಕ್ಕೆ ತಗಲದೆ ಹೋದರೆ ಜಿಂಕೆಯು ಗಾಯದೊಡನೆ ಓಡಿ, ಎಲ್ಲಿಯೋ ಪೊದೆಯಲ್ಲಿ ಗಂಟೆಗಟ್ಟಲೆ ನರಳಿ ಸಾಯುವುದು. ಬೇಟೆಗೆಂದು ಮಾಡಿದ ಗುಂಡಿನ ಮೂತಿ ಮೆತ್ತಗಿರುವುದರಿಂದ ಅದು ಒಳಹೊಕ್ಕು ಅರಳಿ ಬೇಗನೆ ಪ್ರಾಣವನ್ನು ತೆಗೆಯುತ್ತದೆ. ಇದೇ ಬಗೆಯ ಗುಂಡನ್ನು ಕಲ್ಕತ್ತೆಯ ಬಳಿಯ ದಮ್‌ದಮ್ ಶಸ್ತ್ರಾಗಾರದಲ್ಲಿ ಮಾಡಿ ಯುದ್ಧದಲ್ಲಿ ಬಳಸಿದಾಗ, 1899ರ ಹೇಗ್ ಸಮ್ಮೇಳನವು ಅದು ಕ್ರೂರವೆಂದು ಯುದ್ಧದಿಂದ ಹೊರಗಿಟ್ಟಿತು. ಮನುಷ್ಯನ ವಿಷಯದಲ್ಲಿ ಕ್ರೌರ್ಯವೆನಿಸಿದುದು ಮೃಗದ ವಿಷಯದಲ್ಲಿ ದಯೆಯೆನಿಸಿರುವುದು ವಿಚಿತ್ರವೇ ಸರಿ. ಆದರೆ ನಿಜವು ಹಾಗಿದೆ.

ಇನ್ನು ದೂರದ ಮಾತು. ಈ ಬಂದೂಕಿನ ಗುರಿಪಟ್ಟಿಯಲ್ಲಿ 200 ಗಜದಿಂದ ಆರಂಭಿಸಿ 2,000 ಗಜದವರೆಗೆ ಗುರುತುಗಳಿರುವುವು. ಗುರಿ ತಪ್ಪಿದ ಗುಂಡು ಒಂದು ಮೈಲಿಗೂ ಮೀರಿ ಹೋಗಬಲ್ಲದು. ಹಂಪೆಯ ಸುತ್ತಿನ ನೆಲವನ್ನು ಬಲ್ಲವರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಎತ್ತ ನೋಡಿದರೂ ಬಂಡೆ. ಬಂಡೆಗೆ ತಗಲಿದ ಗುಂಡು ಯಾವ ಕಡೆಗೆ ಸಿಡಿಯುವುದೆಂದು ಹೇಳುವವರು ಯಾರು? ಆ ಬಂಡೆಗಳ ಮರೆಯಲ್ಲಿ ಕುರಿ ಕಾಯುವ ಹುಡುಗನಿರಬಹುದು, ಸೌದೆಗೆ ಹೋದ ಹೆಂಗಸಿರಬಹುದು.

ಅಟ್ಟದಲ್ಲಿ ಬಿದ್ದ ಬಂದೂಕಿಗೆ ಬೇರೆಯ ರೋಗಗಳೂ ಉಂಟು. ಹಳೆಯ ತೋಟಾಗಳ ಕಿಡಿಮದ್ದಿನಿಂದ ನಳಿಗೆಯೊಳಗೆ ಉಪ್ಪಿನಂಥ ಕಿಟ್ಟವು ಉಳಿದು, ತೇವವನ್ನು ಹೀರಿ ತುಕ್ಕು ಹಿಡಿಸುತ್ತದೆ. ಸಿಪಾಯಿಗಳು ನಳಿಗೆಗೆ ಕುದಿನೀರನ್ನು ಹೊಯ್ಯುತ್ತಿದ್ದುದು ಈ ಕಾರಣದಿಂದಲೇ. ಬಹುಕಾಲ ಇಟ್ಟ ತೋಟಾ ಕುದುರೆಯೆಳೆದಾಗ ಹಾರದೆ, ಕ್ಷಣ ತಡೆದು ಹಾರುವುದೂ ಉಂಟು. ಅಷ್ಟರಲ್ಲಿ ಬಂದೂಕಿನ ಬಾಯಿ ಯಾರ ಕಡೆಗೆ ತಿರುಗಿರುವುದೋ ದೇವರೇ ಬಲ್ಲ.

ಇದೆಲ್ಲವನ್ನೂ ಸರಿಪಡಿಸಿಕೊಂಡೆವೆನ್ನುವವರ ಮುಂದೆ ಕಾಯಿದೆಯು ನಿಂತಿರುವುದು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಲ್ಲಿ ಮೊದಲು ಕೆಲವು ಮೃಗಗಳ ಬೇಟೆಗೆ ಲೈಸೆನ್ಸು ಪಡೆಯುವ ಅವಕಾಶವಿದ್ದಿತು. 1991ರ ತಿದ್ದುಪಡಿಯಿಂದ ಅದೂ ಹೋಯಿತು. ನಾವು ಜಿಂಕೆಯೆಂಬ ಒಂದೇ ಹೆಸರಿನಿಂದ ಕರೆಯುವ ಚುಕ್ಕೆಜಿಂಕೆ, ಬಯಲಿನ ಕೃಷ್ಣಮೃಗ, ಕುರುಚಲು ಕಾಡಿನ ಕೊಂಡುಕುರಿ, ಎಲ್ಲಕ್ಕೂ ರಕ್ಷಣೆಯುಂಟು. ಕೃಷ್ಣಮೃಗವೂ ಕೊಂಡುಕುರಿಯೂ ಮೊದಲನೆಯ ಅನುಸೂಚಿಗೆ ಸೇರಿದುವು. ಅವನ್ನು ಕೊಂದವನಿಗೆ 2022ರ ತಿದ್ದುಪಡಿಯ ಮೇಲೆ 3ರಿಂದ 7 ವರ್ಷಗಳ ಸೆರೆಯೂ 25,000 ರೂಪಾಯಿಗೆ ಕಡಿಮೆಯಿಲ್ಲದ ದಂಡವೂ ಉಂಟು. ಬಂದೂಕೂ ವಾಹನವೂ ಸರ್ಕಾರದ ಪಾಲಾಗುವುವು. ಗೃಹಿಣಿಯರು ಇನ್ನೊಂದು ಮಾತನ್ನು ನೆನಪಿನಲ್ಲಿಡಬೇಕು. ಯಾರೋ ಪ್ರೀತಿಯಿಂದ ತಂದುಕೊಟ್ಟರೆಂದು ಜಿಂಕೆಯ ಮಾಂಸವನ್ನು ಮನೆಯಲ್ಲಿಟ್ಟುಕೊಳ್ಳುವುದೂ ಅಪರಾಧವೇ.

ಬಂದೂಕಿಗೆ ಬೇರೆಯೇ ಕಾಯಿದೆಯುಂಟು. 303 ಬಾಯಿಯ ಬಂದೂಕು ನಿಷಿದ್ಧ ವರ್ಗಕ್ಕೆ ಸೇರಿದುದು. ಗೃಹಸ್ಥರಿಗೆ ಕೊಡುವ ಸಾಮಾನ್ಯ ಲೈಸೆನ್ಸು ಅದಕ್ಕೆ ಸಲ್ಲುವುದಿಲ್ಲ. ದಂಡಿನ ತೋಟಾ ಹೊಂದದಿರುವಂತೆ ಬೇರೆ ಅಳತೆಯಲ್ಲಿ ಮಾಡಿದ 315 ಬಾಯಿಯ ರೈಫಲನ್ನು ನಮ್ಮ ದೇಶದ ಗೃಹಸ್ಥರು ಇಟ್ಟುಕೊಳ್ಳುವುದು ಇದರಿಂದಲೇ. ನಿಷಿದ್ಧ ಶಸ್ತ್ರವನ್ನು ಅನುಮತಿಯಿಲ್ಲದೆ ಇಟ್ಟುಕೊಂಡವರಿಗೆ 2019ರ ತಿದ್ದುಪಡಿಯಂತೆ 7ರಿಂದ 14 ವರ್ಷಗಳ ಸೆರೆ. ತಾತನವರ ನೆನಪೆಂದು ಅಟ್ಟದಲ್ಲಿಟ್ಟ ವಸ್ತುವು ಮೊಮ್ಮಗನ ಬಾಳನ್ನು ಕೆಡಿಸಬಲ್ಲುದು.

ಬೇಟೆಯು ನಮ್ಮ ನಾಡಿಗೆ ಹೊಸದೇ ಎಂದು ಕೆಲವರು ಕೇಳಬಹುದು. ಹಂಪೆಯ ಮಹಾನವಮಿ ದಿಬ್ಬದ ಕಲ್ಲುಗಳಲ್ಲಿ ಬೇಟೆಯ ಚಿತ್ರಗಳಿರುವುದು ದಿಟ. ಹರಿಹರ ಬುಕ್ಕರ ಬೇಟೆನಾಯಿಗಳನ್ನು ಮೊಲವೊಂದು ತಿರುಗಿಬಿದ್ದು ಅಟ್ಟಿದ ಸ್ಥಳದಲ್ಲಿಯೇ ವಿಜಯನಗರವು ಎದ್ದಿತೆಂಬ ಐತಿಹ್ಯವನ್ನೂ ಎಲ್ಲರೂ ಬಲ್ಲರು. ಆದರೆ ಆ ಐತಿಹ್ಯದಲ್ಲಿ ಗೌರವವು ಸಂದಿರುವುದು ಬೇಟೆಗಾರನಿಗಲ್ಲ, ಮೊಲಕ್ಕೆ. ಶ್ರೀರಾಮಚಂದ್ರನು ಪಂಪಾತೀರಕ್ಕೆ ಅಳುತ್ತ ಬಂದುದಾದರೂ ಒಂದು ಜಿಂಕೆಯ ಬೆನ್ನು ಹತ್ತಿದುದರ ಫಲವಾಗಿಯೇ ಅಲ್ಲವೇ? ಅಂದಿನ ಕಾಡು ದೊಡ್ಡದಾಗಿತ್ತು, ಆಯುಧವು ಚಿಕ್ಕದಾಗಿತ್ತು. ಇಂದು ಗಣಿಗಳ ಮತ್ತು ಊರುಗಳ ನಡುವೆ ಉಳಿದಿರುವ ಕಾಡು ಅಷ್ಟಿಷ್ಟು.

ಕಂಪ್ಲಿಯ ಕಡೆಯ ರೈತರ ಕಷ್ಟವು ಬೇರೆ. ಕಾಲುವೆಯ ನೀರಿನಲ್ಲಿ ಬೆಳೆದ ಬತ್ತಕ್ಕೋ ಕಬ್ಬಿಗೋ ಮೃಗಗಳು ನುಗ್ಗಿದರೆ ಹೊಟ್ಟೆ ಉರಿಯುವುದು ಸಹಜ. ಆದರೂ ಬಂದೂಕನ್ನು ಎತ್ತತಕ್ಕುದಲ್ಲ. ಹಾನಿಯಾದ ಕೂಡಲೆ ಅರಣ್ಯ ಇಲಾಖೆಯವರಿಗೆ ತಿಳಿಸಿ ಪರಿಹಾರಕ್ಕೆ ಅರ್ಜಿಯನ್ನು ಕೊಡಬೇಕು. ಮೃಗವನ್ನು ಕೊಲ್ಲಲೇಬೇಕಾದ ಸಂದರ್ಭ ಬಂದರೆ ಅದಕ್ಕೆ ಆಜ್ಞೆ ಕೊಡತಕ್ಕವರು ವನ್ಯಜೀವಿ ಶಾಖೆಯ ಅಧಿಕಾರಿಗಳು.

ಹಾಗಾದರೆ ಅಟ್ಟದ ಬಂದೂಕನ್ನು ಮಾಡುವುದೇನು? ತರುಣರು ಅದನ್ನು ಮುಟ್ಟಬಾರದು, ತೋಟಾ ತುಂಬಿ ಪರೀಕ್ಷಿಸಬಾರದು. ಮನೆಯ ಹಿರಿಯರು ಹಳೆಯ ಕಾಗದಪತ್ರಗಳಿದ್ದರೆ ಹುಡುಕಿಕೊಂಡು, ಬಲ್ಲ ವಕೀಲರೊಬ್ಬರನ್ನು ಕೇಳಿ, ತಡಮಾಡದೆ ಹತ್ತಿರದ ಪೊಲೀಸ್ ಠಾಣೆಗೆ ತಿಳಿಸಬೇಕು. ಇಟ್ಟುಕೊಳ್ಳುವ ಹಕ್ಕು ಇಲ್ಲದಾದ ಶಸ್ತ್ರವನ್ನು ಠಾಣೆಯಲ್ಲಿ ಒಪ್ಪಿಸುವ ವಿಧಿಯು 1959ರ ಶಸ್ತ್ರ ಕಾಯಿದೆಯಲ್ಲಿಯೇ ಉಂಟು. ತಾವಾಗಿ ಒಪ್ಪಿಸುವುದಕ್ಕೂ ಸಿಕ್ಕಿಬೀಳುವುದಕ್ಕೂ ಬಹಳ ಅಂತರವಿದೆ.

ತರುಣರ ಉತ್ಸಾಹಕ್ಕೆ ಬೇರೆ ದಾರಿಯಿಲ್ಲದಿಲ್ಲ. ಸಂಡೂರಿನ ರಾಜಮನೆತನದಲ್ಲಿ ಹುಟ್ಟಿ ರಾಜ್ಯದ ಹಣಕಾಸಿನ ಮಂತ್ರಿಗಳೂ ಆಗಿದ್ದ ದಿವಂಗತ ಎಂ. ವೈ. ಘೋರ್ಪಡೆಯವರು ಕ್ಯಾಮೆರಾವನ್ನು ಹಿಡಿದು ಕಾಡುಗಳನ್ನು ಸುತ್ತಿ, ವನ್ಯಜೀವಿಗಳ ಛಾಯಾಚಿತ್ರಗಳಿಂದ ಹೊರದೇಶಗಳಲ್ಲಿಯೂ ಹೆಸರನ್ನು ಪಡೆದರು. ಗಾಳಿಯನ್ನು ನೋಡಿ ನಡೆಯುವುದು, ಸದ್ದಿಲ್ಲದೆ ಕಾಯುವುದು, ಹೆಜ್ಜೆಯ ಗುರುತನ್ನು ಓದುವುದು, ಬೇಟೆಗಾರನ ವಿದ್ಯೆಯೆಲ್ಲ ಇದರಲ್ಲಿಯೂ ಬೇಕು. ಕಮಲಾಪುರದ ಬಳಿ 1994ರಲ್ಲಿ ಏರ್ಪಟ್ಟ ದರೋಜಿ ಕರಡಿಧಾಮವು ಹೊಸಪೇಟೆಗೆ ದೂರವಲ್ಲ. ನಮ್ಮ ವಾಚಕರು ಬಂದೂಕನ್ನು ಠಾಣೆಗೆ ಒಪ್ಪಿಸಿದ ಮೇಲೆ, ಮುಂದಿನ ರಜೆಯಲ್ಲಿ ಆ ತರುಣರನ್ನು ಒಂದು ಸಾಯಂಕಾಲ ಅಲ್ಲಿಗೆ ಕರೆದುಕೊಂಡು ಹೋಗಲಿ.